ಹೆಬ್ಬೆರಳು ಕೆಳಕ್ಕೆ ತಿರುಗಿದ ಮೇಲೆ ದೋಣಿ ನೆಟ್ಟಗಾಯಿತು

ಕನೂ ಎಂಬ ಸಪೂರ ದೋಣಿಯನ್ನು ಒಬ್ಬನೇ ನಡೆಸಿದ ಮೊದಲ ದಿನ ಆಚೆ ದಡದ ಒಂದು ಮರವನ್ನು ಗುರಿ ಇಟ್ಟುಕೊಂಡೆ. ಎಡಗಡೆ ಹುಟ್ಟು ಹಾಕಿದೆ. ನಾಲ್ಕು ಸಲ ಎಳೆಯುವಷ್ಟರಲ್ಲಿ ದೋಣಿಯ ಮೂತಿ ಬಲಕ್ಕೆ ತಿರುಗಿತ್ತು. ಹುಟ್ಟನ್ನು ಬಲಗಡೆಗೆ ತಂದೆ, ಮೂತಿ ಎಡಕ್ಕೆ ಹೊರಳಿತು. ಹಾವು ಹರಿದ ಹಾಗೆ ಹೋಗಿ ದಡ ಸೇರಿದಾಗ ತೊಡೆಯೆಲ್ಲ ಒದ್ದೆ, ತೋಳಲ್ಲಿ ಶಕ್ತಿ ಇರಲಿಲ್ಲ.

ನಾವು ಎಳೆಯುವುದು ದೋಣಿಯ ಪಕ್ಕದಲ್ಲಿ, ನಡುವೆ ಅಲ್ಲ. ಹಾಗಾಗಿ ಪ್ರತಿ ಎಳೆತವೂ ಮೂತಿಯನ್ನು ಇನ್ನೊಂದು ಕಡೆಗೆ ಸ್ವಲ್ಪ ತಿರುಗಿಸುತ್ತದೆ. ಆ ಸ್ವಲ್ಪವನ್ನು ಅದೇ ಎಳೆತದಲ್ಲೇ ಸರಿಮಾಡಬೇಕು. ಇದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು.

ಮೊದಲು ನಾನು ಮಾಡುತ್ತಿದ್ದುದು ಬೇರೆ. ಎಳೆದ ಮೇಲೆ ಮೇಲಿನ ಕೈಯ ಹೆಬ್ಬೆರಳನ್ನು ಮೇಲಕ್ಕೆ ತಿರುಗಿಸಿ, ಹುಟ್ಟಿನ ಹಿಂಬದಿಯಿಂದ ನೀರನ್ನು ಹೊರಗೆ ತಳ್ಳುತ್ತಿದ್ದೆ. ದೋಣಿ ನೆಟ್ಟಗಾಗುತ್ತಿತ್ತು, ಆದರೆ ಪ್ರತಿ ಸಲವೂ ಬ್ರೇಕ್ ಹಾಕಿದ ಹಾಗೆ ವೇಗ ಇಳಿಯುತ್ತಿತ್ತು. ರಭಸದ ಹೊಳೆಯಲ್ಲಿ ಈ ಪಟ್ಟು ಬೇಕೇ ಬೇಕು. ನಿಂತ ನೀರಲ್ಲಿ ದಿನವಿಡೀ ಹೋಗಲು ಇದು ಸರಿಯಲ್ಲ.

ಆಮೇಲೆ ಜೆ ಸ್ಟ್ರೋಕ್ ಎಂಬ ಎಳೆತ ಹಿಡಿದೆ. ಎಡಗಡೆ ಹುಟ್ಟು ಹಾಕುವಾಗ ಹಲಗೆ ನೀರಲ್ಲಿ ಬರೆಯುವ ಗೆರೆ ಇಂಗ್ಲಿಷಿನ ಜೆ ಅಕ್ಷರದಂತೆಯೇ ಇರುತ್ತದೆ. ಮೊದಲು ನೇರ ಹಿಂದಕ್ಕೆ ಎಳೆಯುತ್ತೇನೆ. ಹುಟ್ಟು ಸೊಂಟ ದಾಟುತ್ತಿದ್ದಂತೆ ಹಿಡಿಯ ಮೇಲಿರುವ ಕೈಯ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸುತ್ತೇನೆ. ಹಲಗೆಯ ನೀರೆಳೆದ ಮುಖವೇ ಈಗ ದೋಣಿಯಿಂದ ಹೊರಕ್ಕೆ ನೋಡುತ್ತದೆ. ಆ ಮುಖದಿಂದ ಸಣ್ಣಗೆ ಹೊರಗೆ ತಳ್ಳಿ ಹುಟ್ಟನ್ನು ಎತ್ತುತ್ತೇನೆ. ಮುಖ ಬದಲಾಗುವುದೇ ಇಲ್ಲ. ಹಾಗಾಗಿ ಲಯ ತಪ್ಪುವುದಿಲ್ಲ, ವೇಗವೂ ಜಾಸ್ತಿ ಇಳಿಯುವುದಿಲ್ಲ.

ಶುರುವಿನಲ್ಲಿ ಮಣಿಕಟ್ಟು ಬಹಳ ನೋಯುತ್ತಿತ್ತು. ಕಾರಣ ಕೆಳಗಿನ ಕೈ. ಅದರಲ್ಲಿ ಕೋಲನ್ನು ಬಿಗಿಯಾಗಿ ಹಿಡಿದು, ಮೇಲಿನ ಕೈಯಲ್ಲಿ ತಿರುಗಿಸುತ್ತಿದ್ದೆ. ಎರಡೂ ಕೈ ಒಂದಕ್ಕೊಂದು ಜಗಳ ಆಡಿದ ಹಾಗೆ, ಅಲ್ವಾ? ಕೆಳಗಿನ ಹಿಡಿತ ಸಡಿಲಿಸಿ ಕೋಲು ಅಂಗೈಯೊಳಗೇ ತಿರುಗಲು ಬಿಟ್ಟೆ. ನೋವು ನಿಂತಿತು.

ಇನ್ನೊಂದು ತಪ್ಪು ತುಂಬಾ ದಿನ ಕಣ್ಣಿಗೆ ಬೀಳಲಿಲ್ಲ. ಕನೂವಿನ ಅಂಚು ಬಾಗಿರುತ್ತದೆ. ಹುಟ್ಟು ಆ ಅಂಚನ್ನೇ ಹಿಂಬಾಲಿಸಿದರೆ ಎಳೆತವೂ ಬಾಗುತ್ತದೆ, ದೋಣಿ ಇನ್ನಷ್ಟು ತಿರುಗುತ್ತದೆ. ಮೇಲಿನ ಕೈಯನ್ನು ನೀರಿನ ಮೇಲಕ್ಕೆ ಚಾಚಿ, ಕೋಲನ್ನು ಆದಷ್ಟು ನೆಟ್ಟಗೆ ನಿಲ್ಲಿಸಿ, ನಡುಗೆರೆಗೆ ಸಮನಾಗಿ ಎಳೆಯಲು ಕಲಿತೆ. ಆಗ ಕೊನೆಯ ತಳ್ಳು ಚೂರೇ ಚೂರು ಸಾಕಾಯಿತು.

ನಿಂತ ದೋಣಿಯನ್ನು ಹೊರಡಿಸುವಾಗ ಮೂತಿ ಜಾಸ್ತಿ ಪಕ್ಕಕ್ಕೆ ಓಡುತ್ತದೆ. ಆಗ ಹುಟ್ಟನ್ನು ಮೊದಲು ಸ್ವಲ್ಪ ದೂರಕ್ಕೆ ಹಾಕಿ ನನ್ನ ಕಡೆಗೆ ಎಳೆದುಕೊಂಡು, ನಂತರ ಹಿಂದಕ್ಕೆ ಎಳೆದು ಜೆ ಮುಗಿಸುತ್ತೇನೆ. ವೇಗ ಬಂದ ಮೇಲೆ ಇದು ಬೇಕಾಗುವುದಿಲ್ಲ.

ಗಾಳಿಯ ದಿನ ಮಾತ್ರ ಇಷ್ಟೂ ಸಾಲಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ನನ್ನ ಭಾರಕ್ಕೆ ಮೂತಿ ನೀರಿಂದ ಮೇಲೆದ್ದು, ಗಾಳಿ ಅದನ್ನು ಸುಮ್ನೆ ತಿರುಗಿಸಿಬಿಡುತ್ತಿತ್ತು. ನನ್ನ ಕನೂವಿನ ಎರಡೂ ತುದಿ ಒಂದೇ ಆಕಾರ. ಅದಕ್ಕೆ ಈಗ ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂರುತ್ತೇನೆ. ಅಲ್ಲಿಂದ ನಡುಭಾಗ ಹತ್ತಿರ. ಗಾಳಿ ಜೋರಾದರೆ ಸೀಟು ಬಿಟ್ಟು ನಡುವೆ ಮೊಣಕಾಲೂರುತ್ತೇನೆ, ಮೂತಿ ನೀರಿಗೆ ಕಚ್ಚಿಕೊಳ್ಳುತ್ತದೆ.