ಹೆದ್ದಾರಿ ವೇಗದಲ್ಲಿ ಟ್ರೇಲರ್ ಲಾರಿ ನಡುಗಿದರೆ

ಮೊದಲು ಟ್ರೇಲರ್ ಕಳಚಿ, ಎಳೆಯುವ ಲಾರಿಯನ್ನಷ್ಟೇ ಓಡಿಸಿ. ನಡುಕ ನಿಂತರೆ ಟ್ರೇಲರ್ ಚಕ್ರಗಳನ್ನು ನೋಡಿ. ನಿಲ್ಲದಿದ್ದರೆ, ಖಾಲಿ ನೇರ ರಸ್ತೆಯಲ್ಲಿ ಅದೇ ವೇಗದಲ್ಲಿ ಕ್ಷಣಕಾಲ ಕ್ಲಚ್ ಒತ್ತಿ. ಆರ್‌ಪಿಎಂ ಇಳಿದರೂ ನಡುಕ ಹಾಗೇ ಇದ್ದರೆ ಎಂಜಿನ್‌ನದಲ್ಲ.

ಗಂಟೆಗೆ 90 ಕಿ.ಮೀ. ವೇಗದಲ್ಲಿ 22.5 ಇಂಚಿನ ರಿಮ್‌ನ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ; ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತುಗಳು) 4 ಇದ್ದರೆ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಸುಮಾರು 32 ಸುತ್ತು. ಹಾಗಾಗಿ ಸ್ಟೀರಿಂಗ್ ನಿಧಾನ ಲಯದಲ್ಲಿ ಅದುರಿದರೆ ಮುಂದಿನ ಚಕ್ರ, ಸೀಟು ಮತ್ತು ನೆಲ ವೇಗವಾಗಿ ಜುಮ್ಮೆಂದರೆ ಶಾಫ್ಟ್ ಅನುಮಾನಿಸಿ.

ಬ್ಯಾಲೆನ್ಸಿಂಗ್‌ಗೆ (ರಿಮ್‌ಗೆ ತೂಕ ಅಂಟಿಸಿ ಚಕ್ರದ ಸಮತೋಲನ ಸರಿಪಡಿಸಲು) ತಕ್ಷಣ ಓಡಬೇಡಿ. ಜಾಕ್ ಹಾಕಿ, ಟೈರಿನ ಪಕ್ಕ ಕಡ್ಡಿ ನಿಲ್ಲಿಸಿ ಚಕ್ರ ತಿರುಗಿಸಿ. ಏರಿಳಿತ 3 ಮಿ.ಮೀ. ದಾಟಿದರೆ ಟೈರ್ ಸರಿಯಾಗಿ ಕೂತಿಲ್ಲ ಅಥವಾ ರಿಮ್ ಬೆಂಡಾಗಿದೆ; ತೂಕ ಅಂಟಿಸಿ ಪ್ರಯೋಜನವಿಲ್ಲ.

ಶಾಫ್ಟ್‌ನಲ್ಲಿ ಕ್ರಾಸ್‌ನ (ಶಾಫ್ಟ್ ಕೀಲಿನೊಳಗಿನ ಶಿಲುಬೆಯಾಕಾರದ ಭಾಗ) ಸಡಿಲಾಟ, ಸೆಂಟರ್ ಬೇರಿಂಗ್ (ಶಾಫ್ಟನ್ನು ನಡುವೆ ಹಿಡಿದಿಡುವ ಬೇರಿಂಗ್) ರಬ್ಬರ್ ನೋಡಿ. ಬಿಚ್ಚಿ ಜೋಡಿಸಿದ ಮೇಲೆ ಶುರುವಾದ ನಡುಕವಾದರೆ ಸ್ಪ್ಲೈನ್‌ನ (ಶಾಫ್ಟ್‌ನ ಎರಡು ತುಂಡು ಒಂದರೊಳಗೊಂದು ಕೂರುವ ಹಲ್ಲಿನ ಜೋಡಣೆ) ಬಾಣದ ಗುರುತುಗಳು ಎದುರುಬದುರಾಗಿವೆಯೇ ಪರೀಕ್ಷಿಸಿ. ಹಲ್ಲು ತಪ್ಪಿ ಕೂತಿದ್ದರೆ ಹೊಸ ಕ್ರಾಸ್ ಹಾಕಿದರೂ ನಡುಕ ಹೋಗದು.