ಇನ್‌ಸ್ಟಾ, ವಾಟ್ಸಾಪ್‌ನಲ್ಲಿ ಮಾರುವವರೇ, ಆಮೇಲೆ ಗೊತ್ತಾಗೋ ಮಾತನ್ನು ಮೊದಲೇ ಹೇಳಿಬಿಡಿ

ಮನೆಯಿಂದಲೇ ಸೀರೆ ಮಾರುವವರು, ಚಕ್ಕುಲಿ ಚಟ್ನಿಪುಡಿ ಮಾಡಿ ಕೊರಿಯರ್ ಮಾಡುವವರು, ಊರಿನ ಹೋಟೆಲ್‌ಗಳ ಬಗ್ಗೆ ರೀಲ್ಸ್ ಮಾಡುವವರು, ಇದು ನಿಮಗೆ. ನಿಮಗೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಗಿರಾಕಿ ಬಂದು ಮುಟ್ಟಿ ನೋಡೋ ಅವಕಾಶವೂ ಇಲ್ಲ. ನೀವು ಬಾಗಲಕೋಟೆಯಲ್ಲಿ ಕೂತು ಹಾಕಿದ ಫೋಟೋ ನೋಡಿ ಮಂಗಳೂರಿನಲ್ಲಿರೋ ಒಬ್ಬರು, ನಿಮ್ಮ ಮುಖವನ್ನೂ ನೋಡದೆ, ಮೂರು ಸಾವಿರ ರೂಪಾಯಿ ಫೋನ್‌ಪೇ ಮಾಡುತ್ತಾರೆ. ನೀವು ಬರೆದ ನಾಲ್ಕು ಸಾಲು ಬಿಟ್ಟರೆ ಅವರ ಹತ್ತಿರ ಬೇರೇನೂ ಇಲ್ಲ. ಹಾಗಾಗಿ ಆ ನಾಲ್ಕು ಸಾಲಿನ ಬಗ್ಗೆ ಜಾಸ್ತಿ ಯೋಚನೆ ಮಾಡಬೇಕು.

ಯಾವ ಪೋಸ್ಟ್ ಹಾಕುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಇವರಿಗೆ ಏನು ಗೊತ್ತಾದರೆ ಬೇಜಾರಾಗುತ್ತದೆ? ಉತ್ತರ ಸಿಕ್ಕ ತಕ್ಷಣ ಅದನ್ನೇ ಪೋಸ್ಟಿನಲ್ಲಿ ಬರೆಯಿರಿ. ಮುಂದೆ ಹೇಳೋದೆಲ್ಲ ಇದೇ ಪ್ರಶ್ನೆಯಿಂದ ಬಂದದ್ದು.

ಮೊದಲು ಬೆಲೆ. "ಪ್ರೈಸ್‌ಗೆ ಡಿಎಂ ಮಾಡಿ" ಅನ್ನೋದನ್ನು ಬಿಟ್ಟುಬಿಡಿ. ಒಬ್ಬೊಬ್ಬರಿಗೆ ಒಂದೊಂದು ರೇಟ್ ಹೇಳುತ್ತಾರೇನೋ ಅನ್ನೋ ಅನುಮಾನ ಅಲ್ಲೇ ಶುರುವಾಗುತ್ತದೆ. ಎಷ್ಟೋ ಜನ ಕೇಳೋಕೆ ಸಂಕೋಚಪಟ್ಟು ಹಾಗೇ ಮುಂದೆ ಹೋಗುತ್ತಾರೆ. ಬೆಲೆ ಹಾಕಿ, ಕೊರಿಯರ್ ಎಷ್ಟು ಅಂತ ಹಾಕಿ, ಫಾಲ್–ಪಿಕೋ ಅದರಲ್ಲಿ ಸೇರಿದೆಯೋ ಇಲ್ಲವೋ ಅಂತಲೂ ಹಾಕಿ. ವಾಪಸ್ ತಗೊಳ್ಳಲ್ಲ ಅಂದರೆ ದುಡ್ಡು ಬರೋ ಮೊದಲೇ ಹೇಳಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿದ್ದರೆ ಮಾತ್ರ ಬದಲಿಸಿ ಕೊಡುತ್ತೇವೆ ಅನ್ನೋ ಷರತ್ತು ಇದ್ದರೆ, ಅದನ್ನು ಪಾರ್ಸೆಲ್ ತಲುಪಿದ ಮೇಲೆ ಹೇಳಿದರೆ ಏನೂ ಉಪಯೋಗ ಇಲ್ಲ ಅಲ್ವಾ? ಅಮೆರಿಕದಲ್ಲಿರೋ ಕನ್ನಡದವರಿಗೆ ಕಳಿಸುವವರು ಇನ್ನೊಂದು ಮಾತು ಸೇರಿಸಬೇಕು. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಲ್ಲಿ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಆ ಸುಂಕ ಯಾರ ಮೇಲೆ ಅನ್ನೋದನ್ನು ಆರ್ಡರ್ ತಗೊಳ್ಳುವಾಗಲೇ ಮಾತಾಡಿಕೊಳ್ಳಿ.

ಸೀರೆ ಮಾರುವವರು

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು, ಯಾಕಂದ್ರೆ ಜಾಸ್ತಿ ಮನಸ್ತಾಪ ಆಗೋದು ಇಲ್ಲೇ. ಇಳಕಲ್ ಸೀರೆಯನ್ನೇ ತಗೊಳ್ಳಿ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇರೋದು ಬರುತ್ತದೆ, ಒಡಲೂ ಸೆರಗೂ ಎರಡೂ ರೇಷ್ಮೆ ಇರೋದೂ ಬರುತ್ತದೆ. ಕೈಮಗ್ಗದ್ದೂ ಇದೆ, ಪವರ್‌ಲೂಮ್‌ದೂ ಇದೆ. ಎಲ್ಲಕ್ಕೂ ಗಿರಾಕಿ ಇದ್ದಾರೆ, ಪವರ್‌ಲೂಮ್ ಸೀರೆ ಮಾರೋದರಲ್ಲಿ ಯಾವ ತಪ್ಪೂ ಇಲ್ಲ. ತಪ್ಪಾಗೋದು "ಪ್ಯೂರ್ ಇಳಕಲ್ ಸಿಲ್ಕ್" ಅಂತ ಒಂದೇ ಸಾಲು ಬರೆದು ಆರ್ಟ್ ಸಿಲ್ಕ್ ಕಳಿಸಿದಾಗ. "ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್, ಪವರ್‌ಲೂಮ್, 1,200 ರೂಪಾಯಿ" ಅಂತ ಬರೆದು ನೋಡಿ. ಅದೇ ಬೇಕು ಅನ್ನುವವರು ಬರುತ್ತಾರೆ, ಬಂದವರು ಆಮೇಲೆ ಜಗಳ ಆಡಲ್ಲ.

ಮೈಸೂರು ಸಿಲ್ಕ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಆ ಹೆಸರಿಗೆ ಜಿಐ, ಅಂದರೆ ಊರಿನ ಹೆಸರಿನ ವಸ್ತುಗಳಿಗೆ ಕೊಡೋ ಭೌಗೋಳಿಕ ಗುರುತು, ಇದೆ. ಅದು ಇರೋದು ಕರ್ನಾಟಕ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಹೆಸರಲ್ಲಿ. ನಿಮ್ಮ ಹತ್ತಿರ ಇರೋದು ಅದೇ ಥರ ಕಾಣುವ ಕ್ರೇಪ್ ಆದರೆ ಕ್ರೇಪ್ ಅಂತಲೇ ಬರೆಯಿರಿ. ಸಿಲ್ಕ್ ಮಾರ್ಕ್ ಲೇಬಲ್ ಇದ್ದರೆ ಅದರ ಫೋಟೋ ಹಾಕಿ. ಆದರೆ ಆ ಲೇಬಲ್ ಏನು ಹೇಳುತ್ತದೆ, ಏನು ಹೇಳಲ್ಲ ಅನ್ನೋದೂ ನಿಮಗೆ ಗೊತ್ತಿರಬೇಕು. ಅದು ನಿಜವಾದ ರೇಷ್ಮೆ ಅನ್ನೋದಕ್ಕೆ ಗುರುತು, ಅಷ್ಟೇ. ಕೈಮಗ್ಗದ್ದು ಅನ್ನೋದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಜರಿ ಅಸಲಿಯೋ ಅಲ್ಲವೋ ಅನ್ನೋದನ್ನು ನೀವೇ ಹೇಳಬೇಕು.

ಕಸೂತಿ ಮಾರುವವರು ಹಿಂಬದಿಯ ಫೋಟೋ ತಪ್ಪದೆ ಹಾಕಿ. ಕೈ ಕಸೂತಿಯಲ್ಲಿ ಎಳೆ ಎಣಿಸಿ ಹಾಕುತ್ತಾರೆ, ಗಂಟು ಹಾಕಲ್ಲ. ಗವಂತಿ, ಮುರ್ಗಿ ಹೊಲಿಗೆಗಳಂತೂ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಮಷಿನ್ ಕಸೂತಿ ಹಿಂದೆ ತಿರುಗಿಸಿದರೆ ಗೊತ್ತಾಗುತ್ತದೆ. ಗೊತ್ತಿದ್ದವರು ಅದನ್ನೇ ನೋಡುತ್ತಾರೆ, ಗೊತ್ತಿಲ್ಲದವರಿಗೆ ನೀವೇ ಹೇಳಿಕೊಟ್ಟ ಹಾಗಾಗುತ್ತದೆ. ತಿಂಗಳುಗಟ್ಟಲೆ ಕೂತು ಕಸೂತಿ ಹಾಕಿದ ಹೆಣ್ಣುಮಕ್ಕಳ ಸೀರೆಯೂ ಮಷಿನ್ ಸೀರೆಯೂ ಒಂದೇ ಹೆಸರಲ್ಲಿ ಮಾರಾಟವಾದರೆ ಸಿಗಬೇಕಾದ ಕೂಲಿ ಸಿಗದೆ ಹೋಗೋದು ಅವರಿಗೆ. ನನಗೆ ತುಂಬಾ ಸಂಕಟ ಆಗೋ ವಿಷಯ ಇದು.

ಫೋಟೋವನ್ನು ಬೆಳಗಿನ ಬೆಳಕಿನಲ್ಲಿ, ಕಿಟಕಿ ಹತ್ತಿರ, ಫಿಲ್ಟರ್ ಇಲ್ಲದೆ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ಮರೂನ್ ಬಣ್ಣ ಕೆಂಪಾಗಿ ಕಂಡರೆ "ನಿಜಕ್ಕೂ ಇದು ಇನ್ನೂ ಗಾಢ" ಅಂತ ಬರೆಯಿರಿ. ಈಗ ಎಐನಲ್ಲಿ ಮಾಡೆಲ್‌ಗೆ ಸೀರೆ ಉಡಿಸಿ ಹಾಕೋದು ಶುರುವಾಗಿದೆ. ಹಾಗೆ ಮಾಡಿದರೆ ಚಿತ್ರದ ಮೇಲೇ ಹೇಳಿ, ಜೊತೆಗೆ ಅಸಲಿ ಸೀರೆಯ ಒಂದು ಫೋಟೋ ಇರಲೇಬೇಕು. ಎಐ ಚಿತ್ರದಲ್ಲಿ ಸೀರೆ ಬೀಳೋ ರೀತಿ, ಬಾರ್ಡರ್ ಅಗಲ ಎಲ್ಲ ಬದಲಾಗಿರುತ್ತದೆ.

ತಿಂಡಿ ಮಾರುವವರು

ಮಾಡಿದ ತಾರೀಖು, ಎಷ್ಟು ದಿನ ಇಡಬಹುದು, ಯಾವ ಎಣ್ಣೆ, ಇಷ್ಟು ಇರಲೇಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಮನೆಯಲ್ಲಿ ಮಾಡಿ ಮಾರುವವರಿಗೂ ಬೇಕು. ಆ 14 ಅಂಕಿಯ ನಂಬರ್ ಪ್ರೊಫೈಲಿನಲ್ಲಿ ಹಾಕಿ. ಶೇಂಗಾ, ಎಳ್ಳು, ಗೋಡಂಬಿ ಇದ್ದರೆ ಎದ್ದು ಕಾಣೋ ಹಾಗೆ ಬರೆಯಿರಿ. ಕೆಲವರಿಗೆ ಅದು ಜೀವಕ್ಕೇ ಅಪಾಯ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾಗಿದ್ದು, ಖಾರ ಕಡಿಮೆ. ಖಾರಕ್ಕೆ ಅಂತ ಗುಂಟೂರು ಬೆರೆಸಿದ್ದರೆ "ಬ್ಯಾಡಗಿ ಮತ್ತು ಗುಂಟೂರು" ಅಂತ ಹೇಳಿ.

"ಮನೆಯಲ್ಲೇ ಮಾಡಿದ್ದು" ಅನ್ನೋ ಮಾತು ನಿಮ್ಮ ಮನೆಯಲ್ಲಿ ಮಾಡಿದ್ದಕ್ಕೆ ಮಾತ್ರ ಇರಲಿ. ಹಬ್ಬದ ಹೊತ್ತಿಗೆ ಆರ್ಡರ್ ಜಾಸ್ತಿಯಾಗಿ ಹತ್ತಿರದ ಕಾಂಡಿಮೆಂಟ್ಸ್‌ನಿಂದ ಕೋಡುಬಳೆ ತರಿಸಿದರೆ ಅದನ್ನು ಹೇಳಿಬಿಡಿ, ಬೇಕಾದವರು ತಗೊಳ್ಳುತ್ತಾರೆ. ಬೆಲ್ಲದ ಉಂಡೆ ಮಾರುವವರು "ಶುಗರ್ ಇರುವವರೂ ತಿನ್ನಬಹುದು" ಅಂತ ದಯವಿಟ್ಟು ಬರೆಯಬೇಡಿ. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ನಿಮ್ಮ ಮಾತು ನಂಬಿ ಯಾರದೋ ಅಜ್ಜಿ ದಿನಾ ಎರಡು ಉಂಡೆ ತಿಂದರೆ ಏನಾಗುತ್ತದೆ ಅಂತ ಯೋಚಿಸಿ.

"ಎರಡೇ ಪೀಸ್ ಉಳಿದಿದೆ, ಬೇಗ ಬೇಗ" ಅನ್ನೋದು ನಿಜವಾಗಿಯೂ ಎರಡೇ ಉಳಿದಾಗ ಹೇಳೋ ಮಾತು. ಸುಮ್ನೆ ಅವಸರ ಹುಟ್ಟಿಸೋದನ್ನು 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗಿರಾಕಿಯ ದಾರಿ ತಪ್ಪಿಸೋ ತಂತ್ರ) ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ವಿಷಯಗಳಲ್ಲಿ ಸೇರಿಸಿದ್ದಾರೆ.

ರಿವ್ಯೂ, ಬೈಗುಳ, ತಪ್ಪು

ತಂಗಿ ಅಕೌಂಟಿನಿಂದ, ಭಾವನ ಅಕೌಂಟಿನಿಂದ "ಸೂಪರ್ ಕ್ವಾಲಿಟಿ" ಅಂತ ಕಾಮೆಂಟ್ ಹಾಕಿಸಬೇಡಿ. ಮಾರುವವರೇ ಗಿರಾಕಿ ಅಂತ ಹೇಳಿಕೊಂಡು ರಿವ್ಯೂ ಬರೆಯಬಾರದು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಚಿಕ್ಕಮ್ಮನ ಹಪ್ಪಳದ ಬಗ್ಗೆ ಹಾಕುತ್ತೀರಾ? ಖಂಡಿತ ಹಾಕಿ, "ನಮ್ಮ ಚಿಕ್ಕಮ್ಮನೇ ಮಾಡೋದು" ಅಂತ ಮೊದಲ ಸಾಲಿನಲ್ಲೇ ಇರಲಿ. ಗಿರಾಕಿಯ ವಾಟ್ಸಾಪ್ ಮೆಸೇಜ್ ಸ್ಕ್ರೀನ್‌ಶಾಟ್ ಹಾಕುವ ಮೊದಲು ಅವರನ್ನು ಕೇಳಿ, ಹೆಸರು, ನಂಬರ್, ಡಿಪಿ ಮೂರನ್ನೂ ಮುಚ್ಚಿ.

ಕೆಟ್ಟ ಕಾಮೆಂಟ್ ಬಂದಾಗ ಕೈ ತಕ್ಷಣ ಡಿಲೀಟ್ ಕಡೆಗೆ ಹೋಗುತ್ತದೆ. ಅಸಭ್ಯ ಮಾತಾದರೆ ತೆಗೆಯಿರಿ. ದೂರಾದರೆ ಬಿಡಿ, ಅಲ್ಲೇ ಎಲ್ಲರಿಗೂ ಕಾಣೋ ಹಾಗೆ ಉತ್ತರ ಕೊಡಿ. "ಡಿಎಂ ಮಾಡಿ ಮೇಡಂ" ಅಂತ ಮಾತ್ರ ಹಾಕಿ ಸುಮ್ಮನಾದರೆ, ಓದುವ ಮಿಕ್ಕವರಿಗೆ ಏನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಹೀಗೆ ಬರೆಯಬಹುದು: "ಚಕ್ಕುಲಿ ಮುರಿದು ಬಂದಿದ್ದಕ್ಕೆ ಕ್ಷಮಿಸಿ ಅಕ್ಕ. ಡಬ್ಬಕ್ಕೆ ಹಾಕದೆ ಕವರ್‌ನಲ್ಲೇ ಕಳಿಸಿದ್ದು ನಮ್ಮ ತಪ್ಪು. ನಾಳೆ ಬೇರೆ ಕಳಿಸುತ್ತೇವೆ, ಕೊರಿಯರ್ ಖರ್ಚು ನಮ್ಮದು." ಏನಾಯಿತು, ಯಾಕಾಯಿತು, ಏನು ಮಾಡುತ್ತೀರಿ, ಮೂರೇ ಮಾತು. ಕೊರಿಯರ್‌ನವರ ತಪ್ಪಾದರೆ ಅದನ್ನೂ ಹೇಳಿ, ಆದರೆ ಗಿರಾಕಿಯನ್ನು ಅವರ ಹತ್ತಿರ ಅಟ್ಟಬೇಡಿ. ದುಡ್ಡು ತಗೊಂಡವರು ನೀವು.

ಪೋಸ್ಟಿನಲ್ಲೇ ತಪ್ಪು ಮಾಹಿತಿ ಹಾಕಿದ್ದರೆ ತಿದ್ದುಪಡಿಯೂ ಪೋಸ್ಟಿನಲ್ಲೇ ಬರಲಿ. ಸ್ಟೋರಿಯಲ್ಲಿ ಹಾಕಿದರೆ 24 ಗಂಟೆಗೆ ಮಾಯ, ತಪ್ಪು ಮಾತ್ರ ಅಲ್ಲೇ ಉಳಿದಿರುತ್ತದೆ. ಈಗಾಗಲೇ ದುಡ್ಡು ಕೊಟ್ಟವರಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿ, ಬೇಡ ಅಂದರೆ ದುಡ್ಡು ವಾಪಸ್ ಹಾಕಿ.

ಪೇಯ್ಡ್ ಪ್ರಮೋಷನ್ ಮಾಡುವವರು

ಇಲ್ಲಿ ಕಾನೂನೇ ಇದೆ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ದುಡ್ಡು ತಗೊಂಡರೆ ಮಾತ್ರ ಹೇಳಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಫ್ರೀ ಊಟ, ರೆಸಾರ್ಟ್‌ನಲ್ಲಿ ಫ್ರೀ ರೂಮ್, ಉಡುಗೊರೆ, ಡಿಸ್ಕೌಂಟ್ ಎಲ್ಲವೂ ಲೆಕ್ಕಕ್ಕೆ ಬರುತ್ತದೆ, ಅಷ್ಟೇ ಏಕೆ, ಮಾಲೀಕರು ನೆಂಟರಾಗಿದ್ದರೆ ಅದೂ ಬರುತ್ತದೆ. ನೀವು ಮಾತಾಡೋ ಭಾಷೆಯಲ್ಲೇ ಹೇಳಬೇಕು. ಕನ್ನಡ ರೀಲ್ ಆದರೆ ಕನ್ನಡದಲ್ಲಿ "ಜಾಹೀರಾತು" ಅಂತ. ವಿಡಿಯೋದಲ್ಲಿ ಬರಹದಲ್ಲೂ ಇರಬೇಕು, ಬಾಯಲ್ಲೂ ಹೇಳಬೇಕು. ಮೂವತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ ತುರುಕಿದರೆ ಆಗಲ್ಲ. ಲೈವ್ ಆದರೆ ಇಡೀ ಹೊತ್ತು ಕಾಣುತ್ತಿರಬೇಕು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲಿ ಮಾಡಿದ ನಿಯಮದ ಪ್ರಕಾರ 15 ಸೆಕೆಂಡಿನ ಒಳಗಿನ ವಿಡಿಯೋದಲ್ಲಿ ಲೇಬಲ್ ಕನಿಷ್ಠ 3 ಸೆಕೆಂಡ್ ಇರಬೇಕು. 2 ನಿಮಿಷದವರೆಗಿನ ವಿಡಿಯೋದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಇರಬೇಕು. ದಾರಿ ತಪ್ಪಿಸೋ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಕಾನೂನು ಒಂದು ಕಡೆ ಇರಲಿ, ನನ್ನ ಪ್ರಕಾರ ಬಾಯಲ್ಲಿ ಹೇಳೋದೇ ಮುಖ್ಯ. "ಈ ಊಟಕ್ಕೆ ನಾನು ದುಡ್ಡು ಕೊಟ್ಟಿಲ್ಲ, ಹೋಟೆಲ್‌ನವರೇ ಕರೆದಿದ್ದರು" ಅಂತ ಮೊದಲೇ ಹೇಳಿ ಆಮೇಲೆ ಬಿರಿಯಾನಿ ಬಗ್ಗೆ ಮಾತಾಡಿ. ಒಪ್ಪಿಕೊಳ್ಳುವಾಗಲೇ ಹೋಟೆಲ್‌ನವರಿಗೂ ಹೇಳಿಬಿಡಿ: "ಜಾಹೀರಾತು ಅಂತ ಹಾಕ್ತೀನಿ ಸರ್, ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅನ್ನಲ್ಲ, ಬೇಕಾದರೆ ವಿಡಿಯೋ ಹಾಕದೇ ಇರ್ತೀನಿ." ಕೆಲವರು ಬೇಡ ಅನ್ನುತ್ತಾರೆ. ಅನ್ನಲಿ. ನಿಮ್ಮನ್ನು ನೋಡಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಎರಡು ಸಾವಿರ ಖರ್ಚು ಮಾಡುವವರ ಋಣ ದೊಡ್ಡದು. ಮದ್ದು, ಆರೋಗ್ಯದ ವಸ್ತು, ಷೇರು ಟಿಪ್ಸ್ ಇವುಗಳ ಪ್ರಮೋಷನ್ ಬಂದರೆ, ನಿಮಗೆ ಆ ಓದು, ಷೇರಿನ ವಿಷಯವಾದರೆ ಷೇರುಪೇಟೆ ನಿಯಂತ್ರಿಸೋ ಸೆಬಿಯ ನೋಂದಣಿ, ಇಲ್ಲದಿದ್ದರೆ ಎಷ್ಟೇ ದುಡ್ಡು ಕೊಟ್ಟರೂ ಬೇಡ ಅನ್ನಿ.

ಇಷ್ಟು ಓದಿದವರು ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಪಿನ್ ಮಾಡಿದ ಪೋಸ್ಟು, ಹೈಲೈಟ್ಸ್, ವಾಟ್ಸಾಪ್ ಕ್ಯಾಟಲಾಗ್ ತೆಗೆದು ನೋಡಿ. ಹೊಸಬರು ಮೊದಲು ನೋಡೋದು ಅವನ್ನೇ, ನಾವು ತಿರುಗಿ ನೋಡದೇ ಇರೋದೂ ಅವನ್ನೇ. ಹಳೇ ಬೆಲೆ ತಿದ್ದಿ, "ಪ್ಯೂರ್" ಅಂತ ಎಲ್ಲೆಲ್ಲಿ ಇದೆಯೋ ಅಲ್ಲಿ ಒಡಲು ಯಾವುದು ಸೆರಗು ಯಾವುದು ಅಂತ ಸೇರಿಸಿ, ಫ್ರೀ ಆಗಿ ಉಂಡು ಮಾಡಿದ ಹಳೇ ರೀಲ್‌ಗಳ ಕ್ಯಾಪ್ಷನ್‌ನ ಮೊದಲ ಸಾಲಿಗೆ "ಜಾಹೀರಾತು" ಹಾಕಿ. ಕ್ಯಾಪ್ಷನ್ ಎಡಿಟ್ ಮಾಡಿದರೆ ಪೋಸ್ಟಿನ ಲೈಕು, ಕಾಮೆಂಟು ಏನೂ ಹೋಗಲ್ಲ.