ತೊಂಬತ್ತು ಸಾವಿರ ಡಾಲರ್ ಎಂದು ಓದಿ ಪುಟ ಮುಚ್ಚಬೇಡಿ

ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ನಮ್ಮ ಕನ್ನಡ ಕೂಟದವರು ಸೇರಿದಾಗ ಊಟದ ಪಂಕ್ತಿಯಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ಖಾಸಗಿ ಕಾಲೇಜು ನಮ್ಮಂಥವರಿಗಲ್ಲ ಬಿಡಿ, ವರ್ಷಕ್ಕೆ ತೊಂಬತ್ತು ಸಾವಿರ ಡಾಲರಂತೆ.” ಹೇಳುವವರು ಅಮೆರಿಕಕ್ಕೆ ಬಂದು ಹತ್ತು ಹನ್ನೆರಡು ವರ್ಷವಾದವರು, ಮೊದಲ ಮಗು ಹನ್ನೊಂದನೆಯ ತರಗತಿಗೆ ಕಾಲಿಟ್ಟವರು. ಇಬ್ಬರು ಮಕ್ಕಳನ್ನು ಇದೇ ದಾರಿಯಲ್ಲಿ ದಾಟಿಸಿದವಳಾಗಿ ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಅಂಕಿ ನೋಡಿ ಹೆದರಿ, ಅರ್ಜಿಯನ್ನೇ ಹಾಕದೆ ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಆ ಅಂಕಿ ಸುಳ್ಳಲ್ಲ. ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ಪ್ರಯಾಣ ಎಲ್ಲ ಸೇರಿದರೆ ಹೆಸರುವಾಸಿ ಖಾಸಗಿ ಕಾಲೇಜುಗಳಲ್ಲಿ ಹಲವು 90,000 ಡಾಲರ್ ದಾಟಿವೆ. ಆದರೆ ಊರಿನ ಲೆಕ್ಕಾಚಾರವನ್ನು ಇಲ್ಲಿಗೆ ತರಬೇಡಿ. ಊರಿನಲ್ಲಿ ಶುಲ್ಕ ಸೀಟಿಗೆ ಅಂಟಿಕೊಂಡಿರುತ್ತದೆ: ಸಿಇಟಿ ಸೀಟಿಗೆ ಒಂದು, ಕಾಮೆಡ್‌ಕೆ ಸೀಟಿಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಸೀಟಿಗೆ ಮತ್ತೊಂದು. ಇಲ್ಲಿ ಅದು ಕುಟುಂಬಕ್ಕೆ ಅಂಟಿಕೊಂಡಿರುತ್ತದೆ. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಮಕ್ಕಳ ಮನೆಯಿಂದ ಹೋಗುವ ಹಣ ಅಜಗಜಾಂತರ. ಹಾಗಾಗಿ ಪಕ್ಕದ ಮನೆಯವರು ಎಷ್ಟು ಕಟ್ಟಿದರೆಂಬುದು ನಿಮಗೆ ಏನನ್ನೂ ತಿಳಿಸುವುದಿಲ್ಲ.

ನಿಮಗೆ ಬೇಕಾದದ್ದು ನಿವ್ವಳ ವೆಚ್ಚ: ಮರಳಿ ಕೊಡಬೇಕಿಲ್ಲದ ನೆರವನ್ನು ಕಳೆದ ಮೇಲೆ ಉಳಿಯುವ ಮೊತ್ತ. ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ನೆರವು ಪಡೆಯುವ ಕಾಲೇಜುಗಳೆಲ್ಲ ತಮ್ಮ ಜಾಲತಾಣದಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇಡಬೇಕೆಂಬ ಕಾನೂನು 2011ರಿಂದ ಜಾರಿಯಲ್ಲಿದೆ. ಒಂದು ಭಾನುವಾರ ತೆರಿಗೆ ವಿವರ ಪಕ್ಕದಲ್ಲಿಟ್ಟುಕೊಂಡು ಐದಾರು ಕಾಲೇಜುಗಳಿಗೆ ಲೆಕ್ಕ ಹಾಕಿ ನೋಡಿ. ಸ್ವಂತ ವ್ಯಾಪಾರ ಇರುವವರಿಗೆ, ವಿಚ್ಛೇದನವಾದವರಿಗೆ ಅದು ಅಷ್ಟು ನಿಖರವಾಗಿರುವುದಿಲ್ಲ. ಸಂಬಳದ ಮೇಲೆ ಬದುಕುವ ಮನೆಗಳಿಗೆ ಒಳ್ಳೆಯ ಅಂದಾಜನ್ನೇ ಕೊಡುತ್ತದೆ.

ಅತಿ ಶ್ರೀಮಂತ ಕಾಲೇಜುಗಳೇ ಹಲವು ಸಲ ಅಗ್ಗವೆಂಬುದು ನಂಬಲು ಕಷ್ಟವಾದ ಮಾತು. 2025-26ನೇ ಸಾಲಿನಿಂದ ಹಾರ್ವರ್ಡ್ ಮತ್ತು ಎಂಐಟಿ, ವರ್ಷಕ್ಕೆ 2,00,000 ಡಾಲರಿಗಿಂತ ಕಡಿಮೆ ಆದಾಯವಿದ್ದು ಸಾಧಾರಣ ಆಸ್ತಿಯಿರುವ ಮನೆಯ ಮಕ್ಕಳಿಂದ ಬೋಧನಾ ಶುಲ್ಕ ಪಡೆಯುವುದಿಲ್ಲ. ಆದಾಯ 1,00,000ಕ್ಕಿಂತ ಕಡಿಮೆಯಿದ್ದರೆ ವಸತಿ, ಊಟವೂ ಕಾಲೇಜಿನದೇ. ಪ್ರಿನ್ಸ್‌ಟನ್ 1,50,000 ಡಾಲರ್ ಆದಾಯದವರೆಗಿನ ಬಹುಪಾಲು ಮನೆಗಳ ಪೂರ್ತಿ ವೆಚ್ಚ ವಹಿಸಿಕೊಳ್ಳುತ್ತದೆ. ಪ್ರವೇಶ ಸಿಗುವುದು ಕಷ್ಟ, ಅದು ಬೇರೆ ಮಾತು. ಆದರೆ ಹಣಕ್ಕೆ ಹೆದರಿ ಅರ್ಜಿ ಹಾಕದಿರಲು ಕಾರಣವಿಲ್ಲ.

ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಮೂರು ಲಕ್ಷ ಡಾಲರ್ ದುಡಿಯುವ ಮನೆಗಳದ್ದು ಬೇರೆ ಕಥೆ. ಅಗತ್ಯ ನೋಡಿ ಕೊಡುವ ನೆರವು ಅವರಿಗೆ ಅಷ್ಟಾಗಿ ಸಿಗದು. ಹಾರ್ವರ್ಡ್, ಪ್ರಿನ್ಸ್‌ಟನ್ ಸೇರಿದ ಐವಿ ಲೀಗ್ ಗುಂಪಿನ ಎಂಟು ಕಾಲೇಜುಗಳು ಅಂಕಕ್ಕಾಗಲಿ ಆಟಕ್ಕಾಗಲಿ ಒಂದು ಡಾಲರನ್ನೂ ಕೊಡುವುದಿಲ್ಲ. ಅಂಥವರು ಪ್ರತಿಭೆ ನೋಡಿ ಮೆರಿಟ್ ವಿದ್ಯಾರ್ಥಿವೇತನ ಕೊಡುವ, ಹೆಸರು ಸ್ವಲ್ಪ ಕಡಿಮೆ ಕೇಳಿಬರುವ ಖಾಸಗಿ ಕಾಲೇಜುಗಳನ್ನು ಪಟ್ಟಿಗೆ ಸೇರಿಸಲೇಬೇಕು. ನೆಂಟರೆದುರು ಹೇಳಿಕೊಳ್ಳಲು ಹೆಸರು ದೊಡ್ಡದಿರಬೇಕೆಂಬ ಹಂಬಲವನ್ನು ಇಲ್ಲಿ ಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು, ಯಾರಿಗೆ ಅರ್ಹತೆ? ಇಲ್ಲಿ ನಮ್ಮವರಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ತಂದೆ ತಾಯಿ ಇನ್ನೂ ಎಚ್-1ಬಿ ವೀಸಾದಲ್ಲಿದ್ದರೂ ಮಗು ಇಲ್ಲಿ ಹುಟ್ಟಿದ್ದರೆ ಅದು ಈ ದೇಶದ ಪ್ರಜೆ, ಫೆಡರಲ್ ನೆರವಿಗೆ ಅರ್ಜಿ ಹಾಕಬಹುದು. ನೋಡುವುದು ಮಗುವಿನ ಸ್ಥಾನಮಾನವನ್ನು, ನಿಮ್ಮದನ್ನಲ್ಲ. ಹಸಿರು ಕಾರ್ಡಿರುವ ಮಕ್ಕಳಿಗೂ ಇದೇ ನಿಯಮ. ಎಚ್-1ಬಿಯವರ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಮಾತ್ರ ಫೆಡರಲ್ ಹಣ ಇಲ್ಲ. ಅವರು ಕಾಲೇಜಿನ ಸ್ವಂತ ನಿಧಿಯನ್ನೇ ನೆಚ್ಚಿಕೊಳ್ಳಬೇಕು, ಹಲವು ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್ ಮೊದಲಾದ ಬೆರಳೆಣಿಕೆಯ ಕಾಲೇಜುಗಳು ವಿದೇಶಿ ಮಕ್ಕಳ ಪ್ರವೇಶ ನಿರ್ಧರಿಸುವಾಗಲೂ ನೆರವು ಕೇಳಿದ್ದಾರೆಯೇ ಎಂದು ನೋಡುವುದಿಲ್ಲ. ಉಳಿದೆಡೆ ನೆರವು ಕೇಳಿದ್ದೂ ಪ್ರವೇಶದ ತೀರ್ಮಾನದಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದೇ ಎಣಿಸಿ.

ನೆರವಿಗಾಗಿ ತುಂಬಬೇಕಾದ ಅರ್ಜಿಗಳು ಎರಡು. ಒಂದು ಸರ್ಕಾರದ ಫಾಫ್ಸಾ, ಉಚಿತ. ಇನ್ನೊಂದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಸಿಎಸ್‌ಎಸ್ ಪ್ರೊಫೈಲ್. ಇದನ್ನು ಕೇಳುವುದು ಹೆಚ್ಚಾಗಿ ಖಾಸಗಿ ಕಾಲೇಜುಗಳೇ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಆದಾಯ 1,00,000 ಡಾಲರ್ ಒಳಗಿದ್ದರೆ ಶುಲ್ಕವಿಲ್ಲ. ಫಾಫ್ಸಾ ನೀವು ವಾಸಿಸುವ ಮನೆಯನ್ನೂ ನಿವೃತ್ತಿ ಖಾತೆಯನ್ನೂ ಎಣಿಸುವುದಿಲ್ಲ. ಸಿಎಸ್‌ಎಸ್ ಪ್ರೊಫೈಲ್ ಮನೆಯ ಬೆಲೆಯನ್ನೂ ಕೆದಕಿ ಕೇಳುತ್ತದೆ. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾದಲ್ಲಿ ಸಿಗುತ್ತಿದ್ದ ರಿಯಾಯಿತಿ 2024-25ರಿಂದ ಹೋಗಿದೆ. ಆದರೆ ಸಿಎಸ್‌ಎಸ್ ನೋಡುವ ಹಲವು ಕಾಲೇಜುಗಳು ಅದನ್ನು ಇನ್ನೂ ಪರಿಗಣಿಸುತ್ತವೆ.

ಊರಿನ ಆಸ್ತಿಯ ವಿಷಯ ಬಂದಾಗ ಎಲ್ಲರ ಧ್ವನಿ ತಗ್ಗುತ್ತದೆ. ಮೈಸೂರಿನ ನಿವೇಶನ, ಬೆಂಗಳೂರಿನ ಫ್ಲ್ಯಾಟು, ಬ್ಯಾಂಕಿನ ಎನ್‌ಆರ್‌ಇ ಠೇವಣಿ, ಇವು ನಿಮ್ಮ ಹೆಸರಿನಲ್ಲಿದ್ದರೆ ಹೇಳಲೇಬೇಕು. ಗಡಿಯಾಚೆಗಿನ ಆಸ್ತಿಗೆ ವಿನಾಯಿತಿ ಇಲ್ಲ. ತಂದೆಯವರ ಹೆಸರಿನಲ್ಲಿರುವುದು ಬೇರೆ, ನಿಮ್ಮ ಹೆಸರಿಗೆ ಖಾತೆಯಾಗಿರುವುದು ಬೇರೆ. ಪಾಲಾಗದ ಪಿತ್ರಾರ್ಜಿತ ಜಮೀನಿದ್ದರೆ ಪಹಣಿಯ ಪ್ರತಿ ತರಿಸಿಕೊಂಡು, ಕಾಲೇಜಿನ ನೆರವು ಕಚೇರಿಗೆ ಬರಹದಲ್ಲಿ ಕೇಳಿ, ಅವರ ಉತ್ತರವನ್ನು ಕಾಪಿಟ್ಟುಕೊಳ್ಳಿ. ಮುಚ್ಚಿಡಲು ಹೋಗಬೇಡಿ. ಫಾಫ್ಸಾದಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ 20,000 ಡಾಲರ್‌ವರೆಗೆ ದಂಡ ಬೀಳಬಹುದು, ಸೆರೆವಾಸವೂ ಆಗಬಹುದು.

ಯಾವ ವರ್ಷದ ಆದಾಯ ನೋಡುತ್ತಾರೆ ಎಂಬುದನ್ನು ಬಹಳ ಜನ ತಡವಾಗಿ ತಿಳಿದುಕೊಳ್ಳುತ್ತಾರೆ. 2027ರ ಶರತ್ಕಾಲದಲ್ಲಿ ಕಾಲೇಜು ಸೇರುವ ಮಗುವಿಗೆ ನೋಡುವುದು 2025ರ ಆದಾಯ. ಅಂದರೆ ಹತ್ತನೆಯ ತರಗತಿಯ ಕೊನೆಯ ಅರ್ಧ ಮತ್ತು ಹನ್ನೊಂದರ ಮೊದಲ ಅರ್ಧ. ಊರಿನ ನಿವೇಶನ ಮಾರುವುದಿದ್ದರೆ, ಕಂಪನಿಯ ಷೇರು ಮಾರುವುದಿದ್ದರೆ ಆ ವರ್ಷಕ್ಕೆ ಮೊದಲೇ ಮಾರಿ. ಇಲ್ಲವಾದರೆ ಲಾಭವೆಲ್ಲ ಆದಾಯವಾಗಿ ಕಾಣಿಸುತ್ತದೆ. ಉಳಿತಾಯವನ್ನು ಮಗುವಿನ ಹೆಸರಿನ ಸಾಮಾನ್ಯ ಖಾತೆಯಲ್ಲಿ ಇಡಬೇಡಿ. ಫಾಫ್ಸಾ ಸೂತ್ರ ಮಗುವಿನ ಆಸ್ತಿಯಲ್ಲಿ ಶೇ 20ರಷ್ಟನ್ನು ಲೆಕ್ಕಕ್ಕೆ ಹಿಡಿದರೆ, ತಂದೆ ತಾಯಿಯ ಆಸ್ತಿಯಲ್ಲಿ ಹಿಡಿಯುವುದು ಹೆಚ್ಚೆಂದರೆ ಶೇ 5.64. ಓದಿನ ಖರ್ಚಿಗೆಂದೇ ಪೋಷಕರು ತೆರೆದ 529 ಉಳಿತಾಯ ಖಾತೆ ಎರಡನೆಯ ಗುಂಪಿಗೆ ಸೇರುತ್ತದೆ.

ನೆರವು ಕೇಳುವುದೆಂದರೆ ಕೈಯೊಡ್ಡಿದಂತೆ ಎಂದು ಕುಗ್ಗುವವರೂ ನಮ್ಮಲ್ಲಿದ್ದಾರೆ, ಊರಿನಲ್ಲಿ ಮರ್ಯಾದೆಯಿಂದ ಬದುಕಿದ ಮನೆತನದವರು. ಈ ಕಾಲೇಜುಗಳ ನಿಧಿಯಲ್ಲಿ ದಾನಿಗಳು ಇದೇ ಉದ್ದೇಶಕ್ಕೆಂದು ಕೊಟ್ಟ ಹಣವಿದೆ. ಅದು ನಿಮ್ಮ ಮಗುವಿನಂಥವರಿಗಾಗಿಯೇ ಇದೆ. ಕೇಳಿ.

ಕಳೆದ ಏಪ್ರಿಲ್‌ನಲ್ಲಿ ದಾವಣಗೆರೆ ಕಡೆಯ ದಂಪತಿ ಎರಡು ಕಾಲೇಜುಗಳಿಂದ ಬಂದ ನೆರವಿನ ಪತ್ರ ಹಿಡಿದು ನಮ್ಮ ಮನೆಗೆ ಬಂದಿದ್ದರು. ಕಾಫಿ ಲೋಟಗಳನ್ನು ಸರಿಸಿ ಎರಡನ್ನೂ ಮೇಜಿನ ಮೇಲೆ ಹರಡಿದೆವು. ಮೊದಲ ಪತ್ರ ಹೇಳಿದ್ದು: ಒಟ್ಟು ವೆಚ್ಚ 88,400, ಕಾಲೇಜಿನ ಅನುದಾನ 46,000, ಫೆಡರಲ್ ಸಾಲ 5,500, ವರ್ಕ್-ಸ್ಟಡಿ 2,500, ನೀವು ಕಟ್ಟಬೇಕಾದದ್ದು 34,400. ಎರಡನೆಯದು: ಒಟ್ಟು 71,600, ಮೆರಿಟ್ ವಿದ್ಯಾರ್ಥಿವೇತನ 30,000, ಸಾಲ 5,500, ಕಟ್ಟಬೇಕಾದದ್ದು 36,100. “ಅಕ್ಕಾ, ಮೊದಲನೆಯದೇ ಅಗ್ಗವಲ್ಲವೇ?” ಎಂದು ಆಕೆ ಕೇಳಿದರು. ಪೆನ್ಸಿಲ್ ತೆಗೆದುಕೊಂಡು ಸಾಲವನ್ನೂ ವರ್ಕ್-ಸ್ಟಡಿಯನ್ನೂ ಹೊಡೆದುಹಾಕಿದೆ. ಸಾಲ ನೆರವಲ್ಲ, ಬಡ್ಡಿಸಹಿತ ತೀರಿಸಬೇಕು. ವರ್ಕ್-ಸ್ಟಡಿ ಮಗು ಗ್ರಂಥಾಲಯದಲ್ಲೋ ಊಟದ ಮನೆಯಲ್ಲೋ ದುಡಿದ ಮೇಲೆ ಕೈಗೆ ಬರುವ ಕೂಲಿ, ಬಿಲ್ಲಿನಲ್ಲಿ ಕಳೆಯುವುದಿಲ್ಲ. ಆಗ ಮೊದಲನೆಯದರ ನಿಜ ವೆಚ್ಚ 42,400, ಎರಡನೆಯದರದು 41,600. ಇಬ್ಬರೂ ಸುಮ್ಮನೆ ಕೂತರು. ಆಮೇಲೆ ಇನ್ನೊಂದು ಲೆಕ್ಕ ನೋಡಿದೆವು: ಮೆರಿಟ್ ಹಣ ನಾಲ್ಕು ವರ್ಷವೂ 30,000ದಲ್ಲೇ ನಿಂತಿರುತ್ತದೆ, ಶುಲ್ಕ ಮಾತ್ರ ಏರುತ್ತಲೇ ಹೋಗುತ್ತದೆ, ಏರಿಕೆಯೆಲ್ಲ ಇವರ ತಲೆಗೆ. ಅನುದಾನಕ್ಕಾದರೋ ಪ್ರತಿ ವರ್ಷ ಹೊಸ ಅರ್ಜಿ ಹಾಕಬೇಕು, ಸಂಬಳ ಏರಿದರೆ ಅದು ಇಳಿಯುತ್ತದೆ. ಯಾವುದು ಎಂದು ನಾನು ಹೇಳಲಿಲ್ಲ. ಅದು ಅವರ ಮನೆಯ ತೀರ್ಮಾನ.

ಸಾಲದ ಮಿತಿ ನೆನಪಿಡಿ. ವಿದ್ಯಾರ್ಥಿಯ ಫೆಡರಲ್ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್. ಪೋಷಕರು ತೆಗೆಯುವ ಪೇರೆಂಟ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಮಿತಿ ಬಂದಿದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಇದರಾಚೆ ಖಾಸಗಿ ಬ್ಯಾಂಕಿನ ಸಾಲ ಬೇಕೇ ಬೇಕು ಅನ್ನಿಸಿದರೆ ಆ ಕಾಲೇಜು ನಿಮ್ಮ ಶಕ್ತಿ ಮೀರಿದ್ದು ಎಂದೇ ನನ್ನ ಅಭಿಪ್ರಾಯ.

ಪತ್ರ ಬಂದ ಮೇಲೂ ಮಾತಿಗೆ ಅವಕಾಶವಿದೆ. ಕೆಲಸ ಹೋಗಿದ್ದರೆ, ಊರಿನ ತಾಯಿಯ ಚಿಕಿತ್ಸೆಗೆ ಹಣ ಕಳುಹಿಸುತ್ತಿದ್ದರೆ ದಾಖಲೆ ಲಗತ್ತಿಸಿ, ಎಷ್ಟು ಕೊರತೆಯಿದೆ ಎಂದು ಅಂಕಿಯಲ್ಲೇ ಬರೆದು ಮರುಪರಿಶೀಲನೆ ಕೇಳಿ. ಹೆಚ್ಚಿನ ಕಾಲೇಜುಗಳಿಗೆ ಒಪ್ಪಿಗೆ ತಿಳಿಸಬೇಕಾದ ಕೊನೆಯ ದಿನ ಮೇ 1, ಅಷ್ಟರೊಳಗೆ ಉತ್ತರ ಕೈಸೇರುವಂತೆ ನೋಡಿಕೊಳ್ಳಿ. ಅರ್ಲಿ ಡಿಸಿಷನ್‌ನಲ್ಲಿ, ಅಂದರೆ ಪ್ರವೇಶ ಸಿಕ್ಕರೆ ಸೇರಿಯೇ ಸೇರುತ್ತೇನೆಂದು ಮೊದಲೇ ಮಾತು ಕೊಟ್ಟು, ಅರ್ಜಿ ಹಾಕಿದವರಿಗೆ ಹೀಗೆ ಪತ್ರ ಹೋಲಿಸುವ ಅವಕಾಶವೇ ಇರುವುದಿಲ್ಲ, ಅದಕ್ಕೇ ಕ್ಯಾಲ್ಕುಲೇಟರ್ ನೋಡದೆ ಆ ದಾರಿ ಹಿಡಿಯಬೇಡಿ.

ಕೊನೆಗೆ, ಬೇಸಿಗೆಯಲ್ಲಿ ಬರುವ ಮೊದಲ ಬಿಲ್ಲನ್ನು ಸಾಲು ಸಾಲಾಗಿ ಓದಿ. ನಮ್ಮ ಮಗಳ ಬಿಲ್ಲಿನಲ್ಲಿ ಆರೋಗ್ಯ ವಿಮೆ ತಾನಾಗಿಯೇ ಸೇರಿಕೊಂಡಿತ್ತು. ನನ್ನ ಕಂಪನಿಯ ವಿಮೆ ತೋರಿಸಿ ಅದನ್ನು ಬೇಡವೆನ್ನುವ ‘ವೇವರ್’ ಅರ್ಜಿಗೆ ಗಡುವಿದೆ ಎಂದು ಗೊತ್ತಾದಾಗ ಗಡುವು ದಾಟಿ ನಾಲ್ಕು ದಿನವಾಗಿತ್ತು. ಎಷ್ಟು ಕೇಳಿಕೊಂಡರೂ ಕಚೇರಿಯವರು ಒಪ್ಪಲಿಲ್ಲ, ಆ ವರ್ಷ ಎರಡೆರಡು ವಿಮೆಗೆ ಹಣ ಕಟ್ಟಿದೆವು. ‘ವೇವರ್’ ಎಂಬ ಪದ ಬಿಲ್ಲಿನಲ್ಲಿ ಎಲ್ಲಿ ಕಂಡರೂ ಅಂದೇ ತುಂಬಿ ಕಳುಹಿಸಿ.